ಬಾಲವರ್ಗಗಳಲ್ಲಿ ಓದು–ಎಣಿಕೆಗಳ ಬೋಧನಕ್ರಮವನ್ನು ಕುರಿತ ಮನವಿ ಪತ್ರ

ಮಾನ್ಯ ಅಪರ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ, ಕಲಬುರಗಿ, ಇವರ ಸನ್ನಿಧಿಗೆ

ಶಹಾಬಜಾರ ಹಾಗೂ ಕಮಲಾಪುರದ ಬಾಲವರ್ಗಗಳ ಪಾಲಕರ ವಿಜ್ಞಾಪನೆ

ವಿಷಯ: ಆರು ವರ್ಷದೊಳಗಿನ ಮಕ್ಕಳ ಅಕ್ಷರಾಭ್ಯಾಸ, ಅಂಕಾಭ್ಯಾಸಗಳನ್ನು ವಯೋಧರ್ಮಕ್ಕೆ ಅನುಗುಣವಾಗಿ ನಡೆಸುವ ಬಗ್ಗೆ.

ಮಾನ್ಯರೇ,

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಧನಸಹಾಯದಿಂದ 2024ರಲ್ಲಿ ಈ ಭಾಗದ ಅನೇಕ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ವರ್ಗಗಳು ಆರಂಭಗೊಂಡು, ಶುಲ್ಕ ತೆರಲಾರದ ಮನೆಗಳ ಮಕ್ಕಳಿಗೂ ಶಾಲಾಪೂರ್ವ ಶಿಕ್ಷಣವು ದೊರೆಯುವಂತಾದುದು ನಮಗೆ ಪರಮ ಸಂತೋಷದ ಸಂಗತಿ. ಆದರೆ ವರ್ಗವನ್ನು ತೆರೆದ ಮಾತ್ರದಿಂದ ಕಾರ್ಯವು ಸಿದ್ಧಿಸದು. ಅಲ್ಲಿ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಕಲಿಸಬೇಕೆಂಬ ವಿವೇಕವೂ ಬೇಕು.

ಬಹಮನಿ ಕಾಲದ ಮಸೀದಿಯಿರುವ ಶಹಾಬಜಾರದ ಓಣಿಗಳಲ್ಲಿ ಕನ್ನಡದೊಡನೆ ದಖನಿ ಉರ್ದುವೂ, ಕಮಲಾಪುರದ ತಾಂಡಾಗಳಲ್ಲಿ ಲಂಬಾಣಿಯೂ ಮನೆಮಾತಾಗಿರುವುದು ತಮಗೆ ವಿದಿತವೇ ಇದೆ. ಇಂಥ ಮನೆಗಳಿಂದ ಬಂದ ನಾಲ್ಕು ವರ್ಷದ ಕೂಸಿನ ಕೈಗೆ, ಕನ್ನಡದ ಮಾತು ಕಿವಿಗೆ ಒಗ್ಗುವ ಮೊದಲೇ ಪಾಟಿ ಬಳಪಗಳನ್ನಿತ್ತು ಅಕಾರದಿಂದ ಳಕಾರದವರೆಗೆ ತಿದ್ದಿಸಿದರೆ, ಅದು ಗೆರೆಗಳನ್ನು ಕಲಿತೀತೇ ಹೊರತು ಓದನ್ನು ಕಲಿಯಲಾರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲುಗೊಂಡ ನಮ್ಮ ರಾಜ್ಯದ ನಲಿ-ಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬದಿಗಿರಿಸಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗುತ್ತದೆ. ಕಾಗುಣಿತ ಒತ್ತಕ್ಷರಗಳ ಗೋಜಿಲ್ಲದೆ ಸರ, ಅರಸ, ಅಗಸ, ಗರಗಸ ಎಂಬ ಅರ್ಥವುಳ್ಳ ಪದಗಳನ್ನು ಮಗುವು ಓದಬಲ್ಲುದಾದುದೇ ಇದರ ಮರ್ಮ. ಒಂದನೆಯ ತರಗತಿಗೇ ಇಷ್ಟು ಸೌಮ್ಯವಾದ ಆರಂಭವನ್ನು ಕಲ್ಪಿಸಿರುವಾಗ ಎಲ್‌ಕೆಜಿಯಲ್ಲಿ ಇಡೀ ಅಕ್ಷರಮಾಲೆಯನ್ನು ಹೇರುವುದು ಯುಕ್ತವಲ್ಲ.

ಅಂಕಗಳ ವಿಚಾರವೂ ಇಂತೆಯೇ. ನೂರರವರೆಗೆ ತಡೆಯಿಲ್ಲದೆ ಒಪ್ಪಿಸಿದ ಬಾಲಕಿಯೊಬ್ಬಳನ್ನು ಆರು ತೊಗರಿಕಾಳು ಕೊಡೆಂದು ಕೇಳಿದಾಗ, ಅವಳು ಮುಷ್ಟಿ ತುಂಬ ಎತ್ತಿ ನಮ್ಮ ಕೈಗೆ ಸುರಿದಳು. ಒಂದು ಕಾಳಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಮೊತ್ತ ಎಂಬ ಎರಡು ತಿಳಿವುಗಳು ಅವಳಲ್ಲಿ ಇನ್ನೂ ಮೂಡಿರಲಿಲ್ಲ. ಐದು ಕಾಳಿನಲ್ಲಿ ಎರಡನ್ನು ಅಂಗೈಯಲ್ಲಿ ಮರೆಮಾಡಿ, ಮರೆಯಾದುದೆಷ್ಟೆಂದು ಕೇಳುವ ಆಟವು ಕೂಡುವ ಕಳೆಯುವ ಲೆಕ್ಕಗಳಿಗೆ ಅಡಿಪಾಯವಾಗುವುದು. ಬಾಯಿಪಾಠದಿಂದ ಅದು ಆಗದು.

2021ರ ನಿಪುಣ ಭಾರತ ಯೋಜನೆಯು ಅರ್ಥಸಹಿತ ಓದು ಹಾಗೂ ಮೂಲ ಗಣಿತಗಳ ಗುರಿಗೆ ಗಡುವಾಗಿ ಇರಿಸಿರುವುದು ಮೂರನೆಯ ತರಗತಿಯ ಅಂತ್ಯವನ್ನೇ ಹೊರತು ಯುಕೆಜಿಯ ಅಂತ್ಯವನ್ನಲ್ಲ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಅಖಂಡವಾದ ಒಂದೇ ಹಂತವೆಂದು ಗಣಿಸಿದೆ. ಆದ್ದರಿಂದ ಅವಸರಕ್ಕೆ ಕಾರಣವೇ ಇಲ್ಲವೆಂದು ನಂಬಿ, ಈ ಕೆಳಗಿನ ಬೇಡಿಕೆಗಳನ್ನು ಸವಿನಯವಾಗಿ ಮಂಡಿಸುತ್ತೇವೆ:

1. ಎಲ್‌ಕೆಜಿಯಲ್ಲಿ ನೋಟುಬುಕ್ಕು ತುಂಬಿಸುವ ಬರೆಹ, ಹೋಂವರ್ಕ್ ಹಾಗೂ ಲಿಖಿತ ಪರೀಕ್ಷೆಗಳನ್ನು ಸುತ್ತೋಲೆಯ ಮೂಲಕ ನಿಲ್ಲಿಸಬೇಕು. ಮಗುವಿನ ಪ್ರಗತಿಯನ್ನು ಶಿಕ್ಷಕಿಯ ನಿತ್ಯದ ಅವಲೋಕನದಿಂದಲೇ ಅಳೆಯಬೇಕು.

2. ಪ್ರತಿದಿನವೂ ಕಥೆ, ಹಾಡು, ಪ್ರಾಸದಾಟಗಳಿಗೆ ನಿಶ್ಚಿತ ವೇಳೆಯಿರಬೇಕು. ಮನೆಮಾತಿನಲ್ಲಿ ಉತ್ತರಿಸಿದ ಮಗುವನ್ನು ಗದರಿಸದೆ, ಆ ಮಾತಿನಿಂದ ಕನ್ನಡಕ್ಕೆ ಮೆಲ್ಲನೆ ಕರೆತರಬೇಕು.

3. ಪ್ರತಿ ವರ್ಗಕ್ಕೂ ಚಿತ್ರಪುಸ್ತಕಗಳು, ಎಣಿಕೆಯ ಮಣಿಗಳು, ಮರದ ಆಕಾರಗಳು ಜೂನ್ ತಿಂಗಳಲ್ಲಿಯೇ ತಲಪಬೇಕು.

4. ಅತಿಥಿ ಶಿಕ್ಷಕಿಯರಿಗೆ ವರ್ಗ ಆರಂಭವಾಗುವ ಮೊದಲೇ ತರಬೇತಿಯನ್ನೂ, ತಿಂಗಳು ತಿಂಗಳಿಗೆ ತಪ್ಪದೆ ಗೌರವಧನವನ್ನೂ ಒದಗಿಸಬೇಕು.

5. 1975ರಿಂದ ಶಿಶು ಅಭಿವೃದ್ಧಿ ಯೋಜನೆಯ ಭಾರವನ್ನು ಹೊತ್ತು ಬಂದಿರುವ ಅಂಗನವಾಡಿಗಳು ಈ ಹೊಸ ವರ್ಗಗಳ ನಿಮಿತ್ತದಿಂದ ಬರಿದಾಗದಂತೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೊಡನೆ ಸಮಾಲೋಚಿಸಿ, ಅಲ್ಲಿನ ಕಾರ್ಯಕರ್ತೆಯರಿಗೂ ಇದೇ ತರಬೇತಿಯನ್ನು ನೀಡಬೇಕು.

6. ಬರೆಹವೇ ವಿದ್ಯೆಯೆಂದು ಭಾವಿಸಿ ಶಿಕ್ಷಕಿಯರನ್ನು ಒತ್ತಾಯಿಸುವ ಪಾಲಕರೂ ಉಂಟಾದುದರಿಂದ, ವರ್ಷಕ್ಕೆ ಎರಡು ಬಾರಿಯಾದರೂ ಪಾಲಕರ ಸಭೆ ಕರೆದು ಈ ಬೋಧನಕ್ರಮವನ್ನು ಅವರಿಗೆ ವಿಶದಪಡಿಸಬೇಕು.

ಮನೆಮಾತಿನಲ್ಲಿ ಕಥೆ ಹೇಳಲು ಬರಬಲ್ಲ ತಾಯಂದಿರು, ಅಜ್ಜಿಯರು ನಮ್ಮಲ್ಲಿದ್ದಾರೆ. ಇಲಾಖೆಯು ಅನುಮತಿಯಿತ್ತರೆ ವಾರಕ್ಕೊಮ್ಮೆ ಈ ಸೇವೆಯನ್ನು ಸಲ್ಲಿಸಲು ಸಿದ್ಧರಿದ್ದೇವೆ. ಬರುವ ಶೈಕ್ಷಣಿಕ ವರ್ಷಾರಂಭಕ್ಕೆ ಮುನ್ನ ತಮ್ಮ ಆದೇಶವು ಹೊರಡುವಂತೆ ಅನುಗ್ರಹಿಸಬೇಕೆಂದು ಪ್ರಾರ್ಥಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಶಹಾಬಜಾರ ಹಾಗೂ ಕಮಲಾಪುರದ ಪಾಲಕರು
ಸ್ಥಳ: ಕಲಬುರಗಿ