ತಟ್ಟೆಯ ಮೇಲಿನ ಚಿತ್ರ ಯಾರದು?

ಉಣ್ಣುವ ತಟ್ಟೆಗೂ ಚಿತ್ರಕಲೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. 1866ರಲ್ಲಿ ಪ್ಯಾರಿಸ್ಸಿನ ವರ್ತಕ ಯೂಜೀನ್ ರೂಸೋ ಎಂಬವನು ಊಟದ ಪಿಂಗಾಣಿ ಪಾತ್ರೆಗಳಿಗಾಗಿ ಚಿತ್ರಗಳನ್ನು ಬರೆದುಕೊಡಲು ಫೆಲಿಕ್ಸ್ ಬ್ರಾಕ್‌ಮೋನ್ ಎಂಬ ಕಲಾವಿದನನ್ನು ಕೇಳಿಕೊಂಡನು. ಬ್ರಾಕ್‌ಮೋನನು ಜಪಾನಿನ ಹೊಕುಸಾಯಿ ಮೊದಲಾದವರ ಚಿತ್ರಗಳಿಂದ ಹಕ್ಕಿ, ಮೀನು, ಹೂ, ಕೀಟಗಳನ್ನು ಆರಿಸಿ ಲೋಹದ ಫಲಕದ ಮೇಲೆ ಕೊರೆದನು. ಅಚ್ಚಾದ ಕಾಗದವನ್ನು ಕತ್ತರಿಸಿ, ಚಿತ್ರವನ್ನು ಪಾತ್ರೆಗಿಳಿಸಿ, ಕೈಯಿಂದ ಬಣ್ಣ ತುಂಬಲಾಯಿತು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವು ಎಲ್ಲರ ಮೆಚ್ಚುಗೆ ಗಳಿಸಿದವು.

ಆ ಪಾತ್ರೆಗಳು ಇಂದಿಗೂ ಪ್ರಸಿದ್ಧವಾಗಿರುವುದು ಮುಖ್ಯವಾಗಿ ವರ್ತಕನಾದ ರೂಸೋನ ಹೆಸರಿನಿಂದ. ಮೂಲಚಿತ್ರಗಳನ್ನು ಬರೆದ ಹೊಕುಸಾಯಿ 1849ರಲ್ಲಿಯೇ ತೀರಿಕೊಂಡಿದ್ದನು.

ಪರರಿಂದ ಕಲಿಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಕೊಡುಕೊಳ್ಳುವಿಕೆ ನಿತ್ಯದ ಮಾತು. ಆದರೆ ಪಡೆದ ಮೇಲೆ ಕೊಟ್ಟವರನ್ನು ಮರೆಯುವುದು ತರವಲ್ಲವೆಂಬುದೇ ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳೇ, ಪುಸ್ತಕ ನೋಡಿ ಚಿತ್ರ ಬರೆದರೆ ಮೂಲ ಚಿತ್ರಕಾರನ ಹೆಸರನ್ನು ಕೆಳಗೆ ಬರೆಯಿರಿ. ಪಾಲಕರೇ, 'ಬರೀ ನಕಲು' ಎಂದು ಹಳಿಯದೆ, ಯಾರನ್ನು ನೋಡಿ ಕಲಿತೆಯೆಂದು ಮಗುವನ್ನು ಕೇಳಿರಿ. ಗುರುವಿನ ಹೆಸರು ಹೇಳಿದ ಮಾತ್ರಕ್ಕೆ ಶಿಷ್ಯನ ಗೆರೆ ಸಣ್ಣದಾಗುವುದಿಲ್ಲ.