ಯಂತ್ರ ನಿಂತ ಮೇಲಿನ ಆಯಾಸ

ಮೂತ್ರಪಿಂಡಗಳು ವಿಫಲಗೊಂಡ ರೋಗಿಗೆ ಡಯಾಲಿಸಿಸ್ ಯಂತ್ರವಿಲ್ಲವೆಂದರೆ ಸಮಾಜವು ಮರುಗುತ್ತದೆ, ಉದಾರ ದಾನಿಗಳು ಮುಂದೆ ಬರುತ್ತಾರೆ. ಆದರೆ ಯಂತ್ರ ನಿಂತ ಮೇಲೆ ರೋಗಿಯನ್ನು ಆವರಿಸುವ ಆಯಾಸವನ್ನು, ಅದರಲ್ಲಿಯೂ ಸ್ತ್ರೀಯರ ಆಯಾಸವನ್ನು, ಲೆಕ್ಕಕ್ಕೆ ಹಿಡಿಯುವವರು ವಿರಳ.

ಹಾಲೆಂಡಿನ ವೈದ್ಯ ವಿಲ್ಲೆಮ್ ಕೋಲ್ಫ್ ಅವರ ಕೃತಕ ಮೂತ್ರಪಿಂಡದಿಂದ 1945ರಲ್ಲಿ ಮೊದಲು ಬದುಕುಳಿದವರು 67 ವರ್ಷದ ಓರ್ವ ಮಹಿಳೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಬಡವರಿಗೂ ಈ ಚಿಕಿತ್ಸೆಯ ಬಾಗಿಲನ್ನು ತೆರೆಯಿತು. ಜನರು ಕಿಮ್ಸ್ ಎಂದೇ ಕರೆಯುತ್ತ ಬಂದ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಯು ಸುತ್ತಲಿನ ತಾಲೂಕುಗಳ ಬಡರೋಗಿಗಳಿಗೆ ದೊಡ್ಡ ಆಸರೆಯಾಗಿದೆ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ಆಯಾಸವು ಉಳಿದಿದೆ. ರಕ್ತಕಣಗಳ ಉತ್ಪತ್ತಿಗೆ ಬೇಕಾದ ಎರಿಥ್ರೊಪೊಯೆಟಿನ್ ಎಂಬ ರಸವನ್ನು ಸ್ರವಿಸುವವು ಮುಖ್ಯವಾಗಿ ಮೂತ್ರಪಿಂಡಗಳೇ. ಅವು ಕೆಟ್ಟಾಗ ರಕ್ತಹೀನತೆಯುಂಟಾಗುತ್ತದೆ. ಮೊದಲೇ ಕಬ್ಬಿಣಾಂಶದ ಕೊರತೆಯುಳ್ಳ ಸ್ತ್ರೀಯರಲ್ಲಿ ಅದು ಇನ್ನಷ್ಟು ಉಲ್ಬಣಿಸುತ್ತದೆ. ವಾರಕ್ಕೆ ಎರಡು ಮೂರು ಬಾರಿ, ಪ್ರತಿಬಾರಿ ಸುಮಾರು 4 ತಾಸು, ಶರೀರದಿಂದ ದ್ರವವನ್ನು ಹೊರತೆಗೆಯುವಾಗ ರಕ್ತದೊತ್ತಡವು ಕುಸಿಯುವುದೂ ಉಂಟು. ಅನೇಕರು ಚೇತರಿಸಿಕೊಳ್ಳುವುದು ಮರುದಿನವೇ.

ಪುರುಷನು ಆಸ್ಪತ್ರೆಯಿಂದ ಮರಳಿದರೆ ಹಾಸಿಗೆ ಸಿದ್ಧವಿರುತ್ತದೆ. ಗೃಹಿಣಿ ಮರಳಿದರೆ ಒಲೆ ಕಾದಿರುತ್ತದೆ. ಸೂಜಿ ಚುಚ್ಚುವ ತೋಳಿನಿಂದ ಭಾರವನ್ನೆತ್ತಬಾರದೆಂದು ವೈದ್ಯರು ಹೇಳಿದರೂ ನೀರಿನ ಕೊಡವನ್ನೆತ್ತುವವರು, ರೊಟ್ಟಿ ಬಡಿಯುವವರು ಬೇರೆ ಯಾರು? ಕಾಯಕವನ್ನು ಪೂಜ್ಯವೆಂದು ಬಗೆದ ಈ ನಾಡಿನಲ್ಲಿ ಕುಳಿತವರನ್ನು ಮೈಗಳ್ಳರೆನ್ನುವುದು ಸುಲಭ. ಆ ಮಾತಿಗೆ ಅಂಜಿ ಎಷ್ಟೋ ತಾಯಂದಿರು ತಮ್ಮ ದಣಿವನ್ನು ವೈದ್ಯರ ಮುಂದೆಯೂ ಹೇಳುವುದಿಲ್ಲ. ಹೇಳಿದರೆ ಉಪಾಯಗಳುಂಟು: ಎರಿಥ್ರೊಪೊಯೆಟಿನ್ ಚುಚ್ಚುಮದ್ದು 1989ರಿಂದ ಬಳಕೆಯಲ್ಲಿದೆ, ಕಬ್ಬಿಣಾಂಶವನ್ನು ನೀಡಬಹುದು, ದ್ರವ ತೆಗೆಯುವ ಪ್ರಮಾಣವನ್ನು ಹೊಂದಿಸಬಹುದು, ನಿದ್ರಾಹೀನತೆಗೂ ಮನೋವ್ಯಥೆಗೂ ಚಿಕಿತ್ಸೆ ದೊರಕಿಸಬಹುದು.

ಆದುದರಿಂದ ದಾನಿಗಳು ಯಂತ್ರವನ್ನು ಕೊಡುವುದರೊಡನೆ, ನವಲಗುಂದ, ಕಲಘಟಗಿ, ಕುಂದಗೋಳಗಳಿಗೆ ಮರಳುವ ರೋಗಿಗಳ ವಾಹನದ ವೆಚ್ಚವನ್ನೂ, ಚಿಕಿತ್ಸೆಯ ದಿನ ಅವರ ಮನೆಯ ಊಟವನ್ನೂ ದಾಸೋಹವೆಂದೇ ಭಾವಿಸಬೇಕು. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು 'ದಣಿವು ಹೇಗಿದೆ?' ಎಂದು ತಾವಾಗಿಯೇ ಕೇಳಬೇಕು. ತಾಯಿಯ ಡಯಾಲಿಸಿಸ್ ದಿನಗಳಂದೇ ಶಾಲೆ ತಪ್ಪಿಸುವ ಬಾಲಕಿಯನ್ನು ಶಿಕ್ಷಕರು ಗುರುತಿಸಿ, ಮನೆಗೆಲಸದಲ್ಲಿ ಆಕೆಯ ಅಣ್ಣನಿಗೂ ಪಾಲುಂಟೆಂದು ಹಿರಿಯರಿಗೆ ಮನವರಿಕೆ ಮಾಡಿಕೊಡಬೇಕು.

ರಕ್ತವನ್ನು ಶುದ್ಧಗೊಳಿಸುವ ಕೆಲಸವನ್ನು ಯಂತ್ರವು ಮಾಡುತ್ತದೆ. ದಣಿದವಳಿಗೆ ವಿಶ್ರಾಂತಿಯನ್ನು ಮನೆಯವರೇ ಕೊಡಬೇಕು.