ಹರಾಜಾಗಿದ್ದು ಮೀನು, ಕೆರೆಯಲ್ಲ

ನಿಟ್ಟೂರು ಕಡೆಯ ಒಂದು ಕೆರೆ ಏರಿ ಮೇಲೆ ಕಳೆದ ಭಾನುವಾರ ಇಬ್ಬರು ಹುಡುಗರು ಗಾಳ ಹಾಕಿ ಕೂತಿದ್ರು. ಮೀನು ಗುತ್ತಿಗೆಯವರ ಕಡೆಯವನೊಬ್ಬ ಬಂದು ಗಾಳ ಮುರಿದ, ಸೈಕಲ್ ಕಿತ್ಕೊಂಡ. ಅಷ್ಟಕ್ಕೇ ನಿಲ್ಲಲಿಲ್ಲ. ಎಮ್ಮೆ ಮೈ ತೊಳೆಯೋಕೆ ಬಂದಿದ್ದ ಅಜ್ಜಿಗೂ ‘ಈ ಕಡೆ ಇಳೀಬೇಡ, ಕೆರೆ ನಮ್ದು’ ಅಂದ.

ಕೆರೆ ನಿಮ್ದು ಹೇಗಾಯ್ತು ಸ್ವಾಮಿ?

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಓದಿ. ಬೇರೆಯವರ ಸ್ವತ್ತಲ್ಲದ ಕೆರೆ, ಹಳ್ಳ, ಹೊಳೆ, ಅದರಲ್ಲಿ ನಿಂತ ನೀರು, ಹರಿಯೋ ನೀರು ಎಲ್ಲಾ ಸರ್ಕಾರದ್ದು. ಹರಾಜಲ್ಲಿ ಸಿಗೋದು ಮೀನು ಪಾಶುವಾರು ಹಕ್ಕು ಮಾತ್ರ. ಮರಿ ಬಿಟ್ಟು, ಸಾಕಿ, ಹಿಡಿದು ಮಾರೋ ಹಕ್ಕು, ಅದೂ ಕರಾರಿನಲ್ಲಿರೋ ಅವಧಿಗೆ. ಏರಿ ಮೇಲೆ ಓಡಾಡೋದು, ದನಕ್ಕೆ ನೀರು ಕುಡಿಸೋದು ಅದರಲ್ಲಿ ಮಾರಾಟ ಆಗಿರಲ್ಲ.

ಹಾಗಂತ ಗುತ್ತಿಗೆ ಕೆರೆಯಲ್ಲಿ ಕೇಳದೆ ಗಾಳ ಹಾಕೋದು ಸರಿ ಅಂತ ನಾನು ಹೇಳಲ್ಲ. ದುಡ್ಡು ಕೊಟ್ಟು ಕಾಟ್ಲಾ, ರೋಹು ಮರಿ ಬಿಟ್ಟೋನಿಗೆ ನಷ್ಟ ಆಗುತ್ತೆ. ಆದ್ರೆ ತಪ್ಪಾಗಿದ್ರೆ ದೂರು ಕೊಡಲಿ. ಸೈಕಲ್ ಕಿತ್ಕೊಳ್ಳೋಕೆ ಅವನೇನು ಪೊಲೀಸಾ?

ನಮ್ಮೋರೂ ಸಾಚಾ ಅಲ್ಲ ಬಿಡಿ. ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯೋದು 1897ರ ಮೀನುಗಾರಿಕೆ ಕಾಯ್ದೆ ಕಾಲದಿಂದ್ಲೂ ಅಪರಾಧ. ರಾತ್ರಿ ಬ್ಲೀಚಿಂಗ್ ಪೌಡರ್ ಸುರಿದು ಮರಿ ಸಮೇತ ಸಾಯಿಸೋನ ಹೆಸರು ಊರಿಗೆಲ್ಲಾ ಗೊತ್ತು, ಯಾರೂ ಬಾಯಿ ಬಿಡಲ್ಲ. ಗಾಳದ ಹುಡುಗರ ಮೇಲೆ ಮಾತ್ರ ಎಲ್ಲರ ಪ್ರತಾಪ.

ಹಿಮಾಚಲದಲ್ಲಿ ಟ್ರೌಟ್ ಮೀನಿರೋ ಹೊಳೆಗಳಿವೆ. ಅಲ್ಲಿ ದಿನದ ಲೆಕ್ಕದಲ್ಲಿ ಲೈಸೆನ್ಸ್ ತಗೊಂಡು ಯಾರು ಬೇಕಾದ್ರೂ ಗಾಳ ಹಾಕಬಹುದು. ಮೊಟ್ಟೆ ಇಡೋ ಕಾಲ ಅಂತ ನವೆಂಬರ್‌ನಿಂದ ಫೆಬ್ರವರಿ ತನಕ ಬಂದ್. ನಿಯಮ ಕಟ್ಟುನಿಟ್ಟು, ಆದ್ರೆ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಕರಾರಿನ ಕಾಗದ ಯಾವ ಬೀರುವಿನಲ್ಲಿದೆ ಅನ್ನೋದೇ ಗೊತ್ತಿಲ್ಲ.

ಅದನ್ನ ಹೊರಗೆ ತೆಗೆಸೋಣ. ಮೊದಲು ಕೆರೆ ಮೀನಿನ ಗುತ್ತಿಗೆ ಕೊಟ್ಟಿದ್ದು ಪಂಚಾಯಿತಿಯೋ, ಮೀನುಗಾರಿಕೆ ಇಲಾಖೆಯೋ ಕೇಳಿಕೊಳ್ಳಿ. ಆಮೇಲೆ ಅಲ್ಲಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಗುತ್ತಿಗೆದಾರ ಯಾರು, ಎಲ್ಲಿವರೆಗೆ, ಷರತ್ತುಗಳೇನು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಉತ್ತರಕ್ಕೆ 30 ದಿನ ಗಡುವು.

ಬಂದ ಷರತ್ತುಗಳನ್ನ ಕೆರೆ ಏರಿ ಮೇಲೆ ಬೋರ್ಡ್ ಬರೆಸಿ ಹಾಕಿ ಅಂತ ಗ್ರಾಮಸಭೆಯಲ್ಲಿ ಕೇಳಿ. ಮುಂದಿನ ಹರಾಜಿಗೆ ಮುಂಚೆ, ಊರವರ ಗಾಳಕ್ಕೆ ದಿನದ ಪಾಸ್ ಕೊಡೋ ಷರತ್ತೂ ಸೇರಿಸಿ ಅಂತ ಠರಾವು ಮಾಡಿಸಿ. ನನ್ನ ಅರ್ಜಿ ಬರೆದಾಗಿದೆ, ಸೋಮವಾರ ಕೊಡ್ತೀನಿ. ಹುಡುಗರ ಸೈಕಲ್ ಮಾತ್ರ ಇನ್ನೂ ವಾಪಸ್ ಬಂದಿಲ್ಲ.